ಕೊರಳಪಟ್ಟಿ

ಮೊಂಟಾನಾದ ಡಿಲನ್ ಊರಿನ ಹಿಂಬದಿಯ ಶೆಡ್ಡಿನಲ್ಲಿ
ನನ್ನ ಕಸುಬು: ಸತ್ತದ್ದಕ್ಕೆ ಕಣ್ಣು ಕೂರಿಸುವುದು.
ಡಬ್ಬಿಯ ತುಂಬ ಜೋಡಿ ಜೋಡಿ ಗಾಜು.
ಜಿಂಕೆಗೆ ಡಿಕಾಕ್ಷನ್ ಕಪ್ಪು, ಕರಡಿಗೆ ಗುಲಗಂಜಿಯಷ್ಟು,
ಬೆಟ್ಟದ ಟಗರಿಗೆ ಜೇನುಬಣ್ಣ, ಅಡ್ಡಸೀಳು ಪಾಪೆ.

ಈ ಸಲ ಬಂದದ್ದು ದುಬಾರಿ ಟಗರು.
ಫೆಬ್ರವರಿಯ ಒಂದು ರಾತ್ರಿ, ಹೋಟೆಲ್ಲಿನ ಹಾಲಿನಲ್ಲಿ
ಸುಟ್ಟ ಆಲೂಗಡ್ಡೆ, ವಿಸ್ಕಿಗಳ ನಡುವೆ
ಪರವಾನಗಿ ಹರಾಜಿಗೆ ಬಿತ್ತು.
ಒಂದೇ ಕಾಗದ, ಒಂದೇ ಟಗರು.
ಒಂದು ಲಕ್ಷ ಡಾಲರು, ಒಂದೂವರೆ, ಎರಡು,
ಕೂಗುವವನ ನಾಲಿಗೆ ಹಿಟ್ಟಿನ ಗಿರಣಿ.
ಗೆದ್ದವನು ಹಾರ್ಲನ್ ಪೆಟ್ರಿ, ಟಲ್ಸಾದ ಪೈಪಿನ ವ್ಯಾಪಾರಿ.
ಎದ್ದು ನಿಂತು ಟೋಪಿ ತೆಗೆದ. ಚಪ್ಪಾಳೆ.
"ದುಡ್ಡೆಲ್ಲ ಟಗರುಗಳಿಗೇ" ಎಂದ.

ಸುಳ್ಳಲ್ಲ.
ಸುಳ್ಳಾಗಿದ್ದರೆ ಎಷ್ಟು ಸಲೀಸಿತ್ತು.

ಆ ದುಡ್ಡಿನಲ್ಲಿ ಮಾರಿಟ್ ಸೋಲ್ಬರ್ಗಳ ಜೀಪಿಗೆ ಎಣ್ಣೆ,
ಮರಿಗಳ ಮೂಗಿಗೆ ಹತ್ತಿಕಡ್ಡಿ, ಲ್ಯಾಬಿನ ಬಿಲ್ಲು,
ಸಾಕುಕುರಿಯಿಂದ ಬೆಟ್ಟ ಹತ್ತಿದ ಕೆಮ್ಮು
ಯಾವ ಕಣಿವೆಯಲ್ಲಿ ಯಾವ ಹಿಂಡನ್ನು ತಿನ್ನುತ್ತಿದೆಯೆಂಬ ನಕ್ಷೆ,
ಬೇಲಿ ಬೀಳದೆ ಉಳಿದ ಇಳಿಜಾರಿನ ಹುಲ್ಲು.
ಅಯ್ಯೋ ಪಾಪ ಅಂದವರು ಊರಲ್ಲಿ ಬೇಕಾದಷ್ಟು.
ಒಬ್ಬರೂ, ನಾನೂ ಸೇರಿ,
ಒಂದು ಹತ್ತಿಕಡ್ಡಿ ಕೊಡಿಸಿದ್ದಿಲ್ಲ.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ.
ಟಗರಿನ ಲೆಕ್ಕ ಹಾಗಲ್ಲ.
ಇದ್ದಾಗ ಅದರ ಬೆಲೆ
ಅದರ ಹಿಂದೆ ಕಡಿದಾದ ಬಂಡೆ ಇಳಿದವುಗಳಿಗಷ್ಟೇ ಗೊತ್ತು.

ಅಕ್ಟೋಬರಿನಲ್ಲಿ ಬಂತು. ಉಪ್ಪು ಸವರಿದ ಚರ್ಮ,
ಕಿವಿಯ ಹಿಂದಕ್ಕೆ ಹೋಗಿ ಸುತ್ತಿ ಮುಂದೆ ಬಂದ ಕೊಂಬು.
ಕೊಂಬಿನ ಮೇಲೆ ವರ್ಷಕ್ಕೊಂದು ಬಳೆ; ಬೆರಳಿಟ್ಟು ಎಣಿಸಿದೆ.
ಒಂಬತ್ತು.
ನಾಲ್ಕನೆಯದು ನೂಲಿನಷ್ಟು ತೆಳು.
ಆ ಚಳಿಗಾಲ ಹಿಂಡಿನಲ್ಲಿ ಮರಿಯೊಂದೂ ಉಳಿಯಲಿಲ್ಲ.
ಇದು ಉಳಿಯಿತು. ಹೇಗೋ.

ಜೊತೆಗೊಂದು ಪ್ಲಾಸ್ಟಿಕ್ ಚೀಲ. ಒಳಗೆ ಕೊರಳಪಟ್ಟಿ,
ಸವೆದ ಬೆಲ್ಟು, ರೇಡಿಯೊ, ಒಣಗಿದ ರಕ್ತ.
ಐದು ವರ್ಷದ ಹಿಂದೆ
ಬೇರೊಂದು ಟಗರು ಸತ್ತು ಕೊಡಿಸಿದ ಪಟ್ಟಿ.
ಅದನ್ನು ಕೊಡಿಸಿದವನ ಮನೆಗೋಡೆಯ ಟಗರಿಗೂ
ಕಣ್ಣು ಕೂರಿಸಿದವಳು ನಾನೇ.

ಪೆಟ್ರಿ ಫೋನಿನಲ್ಲಿ ಮೆದುವಾಗಿ ಮಾತಾಡುವ ಮನುಷ್ಯ.
ಹೆಂಡತಿಯ ಮಂಡಿನೋವು, ಅಲ್ಲಿಯ ಗಾಳಿ, ಎಲ್ಲ ಹೇಳಿ
ಕೊನೆಗೆ ಕೇಳಿದ:
"ಕುತ್ತಿಗೆಯ ಆ ಗೆರೆ ಕಾಣದ ಹಾಗೆ ಆದೀತೆ?
ಕಾಡಿನದು ಕಾಡಿನದರ ಹಾಗೆ ಇರಬೇಕು, ನೋಡಿ."

ಬೆಲ್ಟು ಉಜ್ಜಿ ಉಜ್ಜಿ ಕೂದಲು ಹೋದ ಜಾಗ,
ಎರಡು ಬೆರಳಗಲ.
ಐದು ವರ್ಷ ಯಾರೋ ಅದರ ಜಾಡು ಹಿಡಿದಿದ್ದರು,
ಹಿಮದಲ್ಲಿ ಆಂಟೆನಾ ಎತ್ತಿ ಕಿವಿಗೊಟ್ಟಿದ್ದರು
ಎಂಬುದಕ್ಕೆ ಮೈಮೇಲಿದ್ದ ಒಂದೇ ರುಜು.
ಹೊಟ್ಟೆಯ ಕಡೆಯ ಕೂದಲು ತಂದು ಅಂಟಿಸಿದೆ, ಬಾಚಿದೆ, ಬಣ್ಣ ಕೊಟ್ಟೆ.
ಬಲಗಡೆ ಪೂರ್ತಿ.
ಎಡಗಡೆ, ಗೋಡೆಗೆ ತಾಗುವ ಕಡೆ, ಬಿಟ್ಟೆ.
ಹೇಳಲಿಲ್ಲ. ಹಣ ಪೂರ್ತಿ ತೆಗೆದುಕೊಂಡೆ.

ಗುರುವಾರ ಮಾರಿಟ್ ಬಂದಳು, ಪಟ್ಟಿ ಒಯ್ಯಲು.
ಬ್ಯಾಟರಿ ಬದಲಿಸಿದರೆ ಯಾವುದಾದರೂ ಹೆಣ್ಣಿಗಾದೀತು ಎಂದಳು.
ರಿಸೀವರ್ ಹಚ್ಚಿದಳು. ಟಿಕ್‌ಟಿಕ್‌ಟಿಕ್‌ಟಿಕ್,
ಮೊಳೆಗೆ ತೂಗಿದ್ದು ಒಂದೇ ಸಮ ಬಡಿದುಕೊಳ್ಳುತ್ತಿತ್ತು.
"ಅಲುಗಾಡದೆ ಹೊತ್ತಾದರೆ ಹೀಗೆ.
ಬದುಕಿದ್ದರೆ ನಿಧಾನ, ಸತ್ತರೆ ಅವಸರ.
ಆ ದಿನ ಆಫೀಸಿನಲ್ಲಿ ಕೇಳಿಸಿತ್ತು," ಅಂದಳು,
"ಊಟದ ಡಬ್ಬಿ ಮುಚ್ಚಿಟ್ಟೆ. ಸಹಿ ಹಾಕಿ ಕೊಟ್ಟವಳೂ ನಾನೇ ತಾನೆ."

ಮೊಳೆಯಿಂದ ಎತ್ತಿದಳು.
ಎತ್ತಿದ್ದೇ ತಡ, ಬಡಿತ ತಗ್ಗಿತು.
ಟಿಕ್.
ಟಿಕ್.
ಟಗರು ಎಲ್ಲೋ ಹುಲ್ಲು ಮೇಯುತ್ತಿರುವ ಹಾಗೆ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.
ಜೀಪಿನ ಮುಂದಿನ ಸೀಟಿನಲ್ಲಿ ಅದನ್ನಿಟ್ಟು ಹೊರಟಳು.
ಕಚ್ಚಾ ರಸ್ತೆ, ಮೂವತ್ತು ಮೈಲಿ.
ಗಾಡಿ ಕುಲುಕುವಷ್ಟು ಹೊತ್ತು
ಅದು ಬದುಕಿರುತ್ತದೆ.